ದೊಡ್ಡಿಗೆ ನೀರು ಬಂದ ಸೋಮವಾರ

ಹುಣಸೆದೊಡ್ಡಿ,
ಈಶ್ವರ ಸಂವತ್ಸರದ ಆಷಾಢ, ಶುಕ್ರವಾರ, ೧೯೩೭

ನನ್ನ ಕೈ ಹಿಡಿದ ಭಾವನಿಗೆ ನಿಮ್ಮ ಬೋರಮ್ಮ ಮಾಡುವ ನಮಸ್ಕಾರಗಳು.

ನಾನು ಕ್ಷೇಮ ಎಂದು ಬರೆಯುವುದು ವಾಡಿಕೆ. ಇವತ್ತು ಹಾಗೆ ಬರೆಯಲು ಕೈ ಏಳುತ್ತಿಲ್ಲ. ವೀಳ್ಯದೆಲೆ ಮಾರಲು ನಿಮ್ಮ ಕೊಪ್ಪಲಿಗೆ ಬರುವ ಸಣ್ಣತಾಯಮ್ಮನ ಕೈಲಿ ಈ ಕಾಗದ ಕಳಿಸುತ್ತಿದ್ದೇನೆ. ಓದಿದ ಮೇಲೆ ಒಲೆಗೆ ಹಾಕಿ. ನಿಮ್ಮಣ್ಣ ಚಿಕ್ಕಣ್ಣನವರಿಗೂ ತೋರಿಸಬೇಡಿ.

ಆಷಾಢಕ್ಕೆ ತವರಿಗೆ ಬಂದಿದ್ದಾಳೆ ಎಂದು ಇಲ್ಲಿಯ ಜನ ತಿಳಿದಿದ್ದಾರೆ. ನಾನೂ ಹೂಂ ಅಂದುಕೊಂಡಿದ್ದೇನೆ. ನಮ್ಮೂರ ಕಾಲುವೆಯ ತೂಬನ್ನು, ಅದನ್ನು ಕಾಯುವ ನೀರುಗಂಟಿಯಾದ ನೀವೇ ಇಳಿಸಿ ಬೀಗ ಹಾಕಿ ಬಂದ ದಿನ, ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದು ಬಂದೆ ಎಂದು ಅಪ್ಪನಿಗೆ ಹೇಳಿಲ್ಲ. ಹೇಳಿದರೆ ಅಪ್ಪ ನಿಮ್ಮನ್ನು ಬಯ್ಯುತ್ತಾರೆ. ಅದನ್ನು ನಾನು ಕೇಳಲಾರೆ. ನಿಮ್ಮನ್ನು ಬಯ್ಯುವ ಹಕ್ಕು ನನ್ನದು.

ಮಳೆ ಹಿಡಿದಿಲ್ಲ, ಕನ್ನಂಬಾಡಿ ಕಟ್ಟೆ ತುಂಬಿಲ್ಲ, ಅದಕ್ಕೇ ನಾಲೆಯ ನೀರನ್ನು ಊರೂರಿಗೆ ಸರದಿಯ ಮೇಲೆ ಬಿಡುತ್ತಾರೆ ಎಂದು ನೀವೇ ನನಗೆ ಬಿಡಿಸಿ ಹೇಳಿದವರು. ನಮ್ಮ ದೊಡ್ಡಿಯ ಸರದಿ ಬಂದು ಹೋಗುತ್ತಿದೆ. ಕಾಲುವೆಯಲ್ಲಿ ಆಡುಗಳು ಮಲಗಿವೆ. ಅಪ್ಪ ಸಸಿಮಡಿಯಲ್ಲಿ ಬಿಟ್ಟಿರುವ ಭತ್ತದ ಒಟ್ಲು ಒಂದು ಕಡೆಯಿಂದ ಕೆಂಪಾಗುತ್ತಾ ಬರುತ್ತಿದೆ. ಇದು ಒಣಗಿದರೆ ನಾಟಿಗೆ ಪೈರಿಲ್ಲ, ಮತ್ತೆ ಬಿತ್ತಲು ಮನೆಯಲ್ಲಿ ಬಿತ್ತನೆ ಭತ್ತವಿಲ್ಲ. ಅಪ್ಪ ಕುಡಿಯುವ ಬಾವಿಯ ನೀರನ್ನೇ ಹೊತ್ತು ತಂದು ಆ ಪೈರಿಗೆ ಚಿಮುಕಿಸುತ್ತಾರೆ. ಬಾವಿಯಲ್ಲೂ ಈಗ ಕೊಡ ಇಳಿಸಿದರೆ ಕೆಸರು ಬರುತ್ತದೆ. ನಿನ್ನೆ ಬಾವಿಕಟ್ಟೆಯಲ್ಲಿ ಒಬ್ಬಳು ಎಲ್ಲರ ಮುಂದೆ ನನ್ನ ಕೊಡ ಪಕ್ಕಕ್ಕೆ ತಳ್ಳಿದಳು. “ನೀರು ಬೇಕಾದ್ರೆ ನಿನ್ ಗಂಡನ್ನೇ ಕೇಳೋಗವ್ವ. ನಮ್ ನೀರ್ನೆಲ್ಲಾ ಎಲ್ ಮಡಗವ್ನೆ ಅಂತ ನಿಂಗೊತ್ತಿಲ್ವಾ?” ಎಂದಳು. ನಾನು ಬರಿ ಕೊಡ ಹೊತ್ತು ಮನೆಗೆ ಬಂದೆ.

ಈಗ ಬರೆಯಬೇಕಾದ್ದನ್ನು ಬರೆಯುತ್ತೇನೆ. ಸೋಮವಾರ ಬಸವನ ವಾರವೆಂದು ಯಾರೂ ಆರು ಕಟ್ಟಿ ಉಳುವುದಿಲ್ಲ, ಗಂಡಸರೆಲ್ಲ ಊರಲ್ಲೇ ಇರುತ್ತಾರೆ. ಆ ದಿನ ಬೆಳಗ್ಗೆ ಹಾರೆ ಗುದ್ದಲಿ ಹಿಡಿದು ತೂಬಿನ ಹತ್ತಿರ ಬರುವುದೆಂದು ನಿಶ್ಚಯವಾಗಿದೆ. ಮುಂದಾಳು ನಮ್ಮಣ್ಣ ಕರಿಯಯ್ಯ. “ತೂಬು ಮುರಿಯಾದೇನು, ಏರಿನೇ ಕಡ್ದಾಕ್ಬುಡಾನ” ಎಂದು ಅಣ್ಣ ಹೇಳಿದಾಗ ಅಪ್ಪ, “ಅಲ್ಲಿ ನಿನ್ ಭಾವ ಅವ್ನೆ ಕಣ್ಲಾ” ಅಂದರು. “ಅಡ್ಡ ಬಂದ್ರೆ ಭಾವ ಆದ್ರೂ ಸೈ” ಅಂದ. ನಾನು ರಾಗಿ ಬೀಸುತ್ತಾ ಕೂತಿದ್ದೆ. ಕಲ್ಲು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಎಲ್ಲರೂ ನನ್ನ ಕಡೆ ನೋಡುತ್ತಿದ್ದರು.

ಕಾಲುವೆಯ ಏರಿ ಒಡೆದರೆ ನೀರು ಹಳ್ಳಕ್ಕೆ ಹೋಗುತ್ತದೆ. ಕೊಪ್ಪಲಿಗೂ ಇಲ್ಲ, ದೊಡ್ಡಿಗೂ ಇಲ್ಲ. ಕೈಯಲ್ಲಿ ಹಾರೆ ಇದ್ದವರಿಗೆ ಇದನ್ನು ಹೇಳುವವರು ಯಾರು? ಸೋಮವಾರ ಬೆಳಕು ಹರಿಯುವಾಗಲೇ ನೀವಾಗಿ ತೂಬು ಎತ್ತಿಬಿಡಿ. ಎತ್ತಲಾಗದಿದ್ದರೆ ಅಲ್ಲಿರಬೇಡಿ, ಎಲ್ಲಾದರೂ ಹೋಗಿಬಿಡಿ. ಇದನ್ನು ಬರೆದರೆ ಹುಟ್ಟಿದ ಮನೆಗೆ ಎರಡು ಬಗೆದ ಹಾಗೆ. ಬರೆಯದಿದ್ದರೆ ಸೇರಿದ ಮನೆಗೆ. ಯೋಚಿಸಿ ಯೋಚಿಸಿ ಸಾಕಾಗಿ ಬರೆದಿದ್ದೇನೆ.

ಇಂತಿ ನಿಮ್ಮವಳು,
ಬೋರಮ್ಮ

ಮತ್ತೆ: ಇದನ್ನು ಬರೆಯಲೋ ಬೇಡವೋ ಎಂದು ಕಡೆಯವರೆಗೆ ಉಳಿಸಿಕೊಂಡೆ. ಸೋಮವಾರ ಹೆಂಗಸರೂ ಬರುತ್ತೇವೆ. ಎಲ್ಲರಿಗಿಂತ ಮುಂದೆ ನಾನು ನಡೆಯುತ್ತೇನೆ ಎಂದು ಹೇಳಿಬಿಟ್ಟಿದ್ದೇನೆ. ನೀವು ಅಲ್ಲಿದ್ದರೆ ಮೊದಲು ಕಾಣುವುದು ನನ್ನ ಮುಖವೇ.

*

ವೈದ್ಯನಾಥಪುರ, ದೇವೀರಮ್ಮ ಚಿಕ್ಕಮ್ಮನ ಮನೆ,
ಗುರುವಾರ

ನನ್ನ ಬೋರಮ್ಮನಿಗೆ ಕೆಂಪಯ್ಯನ ಆಶೀರ್ವಾದಗಳು.

ಅಕ್ಷರ ನೋಡಿ ಗಾಬರಿಯಾಗಬೇಡ. ನನ್ನ ಬಲಗೈಗೆ ಪೆಟ್ಟಾಗಿದೆ. ನಾನು ಹೇಳುತ್ತಿದ್ದೇನೆ, ನಿಮ್ಮಣ್ಣ ಕರಿಯಯ್ಯ ಬರೆಯುತ್ತಿದ್ದಾನೆ. ಅವನು ಮದ್ದೂರಿಗೆ ಎತ್ತು ನೋಡಲು ಹೋಗಿದ್ದಾನೆ ಎಂದು ನಿಮಗೆ ಬಂದ ಸುದ್ದಿ ಸುಳ್ಳು. ಕೈ ತೋರಿಸಲು ನನ್ನನ್ನು ಇಲ್ಲಿಗೆ ಗಾಡಿಯಲ್ಲಿ ಹಾಕಿಕೊಂಡು ಬಂದವನು ಅವನೇ.

ನಿನ್ನ ಕಾಗದ ಶನಿವಾರ ಕೈಸೇರಿತು. ಅದರ ವಿಷಯ ಇವನಿಗೂ ಗಾಡಿಯಲ್ಲೇ ಹೇಳಿದೆ, ನಿನ್ನನ್ನು ಬಯ್ಯಲಿಲ್ಲ. ನಮ್ಮ ಕೊಪ್ಪಲಿನ ಪಟೇಲರ ಹತ್ತಿರ ಹೋಗಿ, ದೊಡ್ಡಿಯ ಸರದಿ ದೊಡ್ಡಿಗೆ ಬಿಟ್ಟುಬಿಡೋಣ ಎಂದೆ. “ನಿಮ್ಮತ್ತೆ ಮನೆ ನೆಂಟಸ್ತನ ಬಾಯಿಗ್ ಬಂತೇನ್ಲಾ?” ಎಂದು ನಕ್ಕರು. ಅವತ್ತು ಬೀಗ ಹಾಕಿದ್ದೂ ಅವರ ಮಾತಿಗೇ. ಅವರ ಮಾತಿಗೆ ಮಾತ್ರವೂ ಅಲ್ಲ. ಕೊಪ್ಪಲಿನ ಪೈರೂ ಬಾಡಿತ್ತು. ನಮ್ಮಣ್ಣ ಚಿಕ್ಕಣ್ಣ ಗದ್ದೆಯ ಬದುವಿನಲ್ಲಿ ನಿಂತು ತಮ್ಮನಾದ ನನಗೆ ಕೈ ಮುಗಿದಿದ್ದ. ನೀನು ಎದ್ದು ಹೋಗುವಾಗ ಇದನ್ನು ಹೇಳಬೇಕಿತ್ತು.

ಸೋಮವಾರ ಬೆಳಕು ಹರಿಯುವಾಗ ಬೀಗ ತೆಗೆದು ತೂಬು ಎತ್ತಿದೆ. ನೀರು ನಿಮ್ಮ ಕಡೆ ತಿರುಗಿತು. ಗದ್ದೆಗೆ ಬಂದವರು ಯಾರೋ ನೋಡಿ ಕೂಗು ಹಾಕಿದರು. ದೊಣ್ಣೆ ಹಿಡಿದು ಕೊಪ್ಪಲಿನ ಜನ ಬಂದರು, ಮುಂದೆ ನಮ್ಮಣ್ಣ. ನಾನು ತೂಬಿನ ಕಟ್ಟೆಯ ಮೇಲೆ ಕೂತು, ಹಲಗೆ ಇಳಿಸುವ ತಿರುಪನ್ನು ತಬ್ಬಿ ಹಿಡಿದುಕೊಂಡೆ.

“ಎದ್ದೇಳ್ಲಾ ಕೆಂಪ” ಅಂದ ಅಣ್ಣ.

“ಇವತ್ತಿನ ಸರದಿ ಅವರ್ದು ಕಣಣ್ಣ. ನಾಳೆ ಸಂಜೆ ನಮ್ದು ಬತ್ತದೆ. ಅಲ್ಲೀಗಂಟ ನಾನು ಏಳಾಕಿಲ್ಲ.”

ಹಿಂದಿದ್ದವರು ಹೊಡಿ ಹೊಡಿ ಎಂದು ಕೂಗುತ್ತಿದ್ದರು. ತಿರುಪಿನಿಂದ ಕೈ ಬಿಡಿಸಬೇಕೆಂದೇ ಅಣ್ಣ ಬೀಸಿದ್ದು. ಮೊಣಕೈ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಅವನಿಗೂ ಕೇಳಿಸಿತು. ದೊಣ್ಣೆ ಕಾಲುವೆಗೆ ಎಸೆದು ತಿರುಗಿ ನಿಂತ. “ನಡೀರ್ಲಾ ಎಲ್ಲಾ ಮನೆಗೆ! ನನ್ ತಮ್ಮನ್ ಕೈ ಮುರ್ದು ಕುಡ್ಸೋ ನೀರು ನನ್ ಪೈರಿಗೆ ಬ್ಯಾಡ” ಅಂದ. ಅವನ ಮುಖ ನೋಡಿ ಜನ ದೊಣ್ಣೆ ಇಳಿಸಿದರು. ಒಬ್ಬೊಬ್ಬರಾಗಿ ಹೊರಟುಹೋದರು.

ನಿನ್ನ ಮುಖ ಮೊದಲು ಕಾಣುತ್ತದೆ ಎಂದಿದ್ದೆಯಲ್ಲ. ಏರಿಯ ತಿರುವಿನ ಕಡೆ ನೋಡುತ್ತಿದ್ದೆ. ಬಂದವನು ನಿಮ್ಮಣ್ಣನೊಬ್ಬನೇ. ಅರ್ಧ ದಾರಿಯಲ್ಲಿ ಕಾಲುವೆಯಲ್ಲಿ ನೀರು ಬರುವುದನ್ನು ಕಂಡು ನೀವೆಲ್ಲ ಗದ್ದೆಗಳಿಗೆ ಓಡಿದಿರಂತೆ. ಮತ್ತೆ ಯಾರಾದರೂ ತೂಬು ಇಳಿಸಿಯಾರು ಎಂದು ಇವನೊಬ್ಬ ಮುಂದೆ ಬಂದ. ನೀರು ಕಂಡ ಮೇಲೆ ಯಾರು ತಾನೇ ನಿಲ್ಲುತ್ತಾರೆ? ನೀನು ಬರದದ್ದೇ ಒಳ್ಳೆಯದಾಯಿತು.

ಇವನು ಬಂದಾಗ ಅಣ್ಣ ತನ್ನ ರುಮಾಲು ಬಿಚ್ಚಿ ನನ್ನ ಕೈಗೆ ಸುತ್ತುತ್ತಿದ್ದ. “ಯಾರ್ ಮಾಡಿದ್ದು?” ಎಂದು ಕರಿಯಯ್ಯ ಕೇಳಿದ. “ನಾನೇ” ಅಂದ ನಮ್ಮಣ್ಣ. ಇವನ ಹಾರೆ ಮೇಲಕ್ಕೆ ಹೋಯಿತು. ನಮ್ಮಣ್ಣ ತಲೆ ಬಗ್ಗಿಸಿಕೊಂಡು ಕೂತೇ ಇದ್ದ, ಕೈ ಅಡ್ಡ ಹಿಡಿಯಲಿಲ್ಲ. “ಬುಡ್ಲಾ ಕರಿಯ, ನನ್ ಅಣ್ಣ ಕಣ್ಲಾ” ಎಂದೆ. ಆಮೇಲೆ ಹಾರೆ ಕೆಳಗಿಟ್ಟು ಗಾಡಿ ತರಲು ಓಡಿದ.

ಈ ಸಂಗತಿ ದೊಡ್ಡಿಯಲ್ಲಿ ತಿಳಿದರೆ, ಅಳಿಯನ ಕೈ ಮುರಿದರು ಎಂದು ಮತ್ತೆ ಹಾರೆ ಎತ್ತುತ್ತಾರೆ. ಅದಕ್ಕೇ ಸುಳ್ಳು ಹೇಳಿ ಕಳಿಸಿದ್ದು. ತೂಬಿನ ಹತ್ತಿರ ಈಗ ನಮ್ಮಣ್ಣನೇ ಇದ್ದಾನೆ. ಮಂಗಳವಾರ ಸಂಜೆಯವರೆಗೆ ನಿಮ್ಮ ಕಡೆಗೆ, ಆಮೇಲೆ ಕೊಪ್ಪಲಿನ ಕಡೆಗೆ, ಸರದಿ ತಪ್ಪದ ಹಾಗೆ ಬಿಟ್ಟನಂತೆ. ಮಾವನ ಪೈರು ಹಸಿರಾಯಿತೇ? ಮೂಳೆ ಕಟ್ಟುವವರು ಬಂದು ಸೊಪ್ಪಿನ ಪಟ್ಟು ಹಾಕಿ ಕಟ್ಟಿದ್ದಾರೆ. ಒಂದು ತಿಂಗಳಿಗೆ ಮೊದಲಿನ ಹಾಗೆ ಆಗುತ್ತದಂತೆ. ಆಷಾಢ ಕಳೆದು ನಿಧಾನವಾಗಿ ಬಾ, ಅವಸರವಿಲ್ಲ.

ಇಂತಿ ನಿನ್ನ ಭಾವ,
ಕೆಂಪಯ್ಯ

ಮತ್ತೆ: ತಂಗೀ, ಬರೆದದ್ದನ್ನು ಭಾವನಿಗೆ ಓದಿ ಹೇಳಿದೆ. ಈಗ ಭಾವ ಮಲಗಿದ್ದಾನೆ, ಇದು ನಾನು ಬರೆಯುವುದು. ಅವಸರವಿಲ್ಲ ಎಂದದ್ದನ್ನು ನಂಬಬೇಡ. ಗಾಡಿಯಲ್ಲಿ ದಾರಿಯುದ್ದಕ್ಕೂ “ಬೋರಿ ಬಂದ್ಳೇನ್ಲಾ?” ಎಂದು ಕೇಳುತ್ತಿದ್ದ. ಮೂಳೆ ಕಟ್ಟಿದವರು ನನ್ನನ್ನು ಹೊರಗೆ ಕರೆದು, ಆ ಮೊಣಕೈ ಇನ್ನು ನೆಟ್ಟಗಾಗುವುದಿಲ್ಲ, ತೂಬಿನ ತಿರುಪು ತಿರುಗಿಸಲಾಗುವುದಿಲ್ಲ ಎಂದರು. ಒಂದು ತಿಂಗಳು ಎಂದು ಭಾವನಿಗೆ ಹೇಳಿದವನು ನಾನು. ನಿಜ ಹೇಳಲು ಎರಡು ಸಲ ಹತ್ತಿರ ಕೂತು ಎದ್ದು ಬಂದೆ. ನಾಳೆ ಗಾಡಿ ಕಳಿಸುತ್ತೇನೆ. ನೀನು ಬಂದು ಹೇಳು.
— ಕರಿಯಯ್ಯ