ಗಂಡನ ಹೆಸರಿನ ಕಾಲಂ

ದಾಂಡೇಲಿ
೧೪ ಜುಲೈ ೨೦೦೮

ಪ್ರೀತಿಯ ತಮ್ಮ ಬಾಳೇಶಾ,

ಕಾಲು ಹೇಗಿದೆ? ಪ್ಲಾಸ್ಟರಿನೊಳಗೆ ಹೆಣಿಗೆ ಕಡ್ಡಿ ತೂರಿಸಿ ಕೆರೆದುಕೊಳ್ಳುತ್ತೀಯೆಂದು ನಿನ್ನ ಹೆಂಡತಿ ನೀಲಾ ದೂರು ಹೇಳಿದಳು. ಹಾಗೆ ಮಾಡಬೇಡವೋ, ಗಾಯವಾದೀತು. ಧಾರವಾಡದಲ್ಲಿ ಮಾವನ ಮನೆಯ ಮಂಚ, ಹೊತ್ತು ಹೊತ್ತಿಗೆ ಬಿಸಿ ರೊಟ್ಟಿ. ಪುಣ್ಯವಂತ ನೀನು. ಈ ಮಾತನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅರ್ಧಕ್ಕೇ “ಅಕ್ಕಾ, ನಿನಗ ತಿಳಿಯಂಗಿಲ್ಲ” ಎನ್ನುತ್ತೀ. ಪತ್ರದ ನಡುವೆ ನೀನು ಬಾಯಿ ಹಾಕಲಾರೆ.

ಕಾಡಂಚಿನ ಸಾಗುವಳಿದಾರರ ಹೊಲದ ಹಕ್ಕಿನ ಅರ್ಜಿಗೆಂದು ನೀನು ಬರೆದ ಪ್ರೋಗ್ರಾಮು ಎಲ್ಲರದ್ದು, ಯಾರು ಬೇಕಾದರೂ ಒಯ್ಯಬಹುದು, ಆದರೆ ವಿವರಣೆ ಇಲ್ಲದಿದ್ದರೆ ಅದು ಬೀಗ ಹಾಕಿದ ಮನೆ ಎಂದು ಹೇಳಿ, ಆ ವಿವರಣೆ ಬರೆಯುವ ಕೆಲಸ ನನಗೆ ಹಚ್ಚಿದೆ. ಹಳಿಯಾಳದಲ್ಲಿ ಕಂಪ್ಯೂಟರ್ ಕಲಿಸುವ ಸುಮನಳನ್ನು ನಮ್ಮ ಸಂಘದ ಕೋಣೆಗೆ ಕರೆಸಿ, ಮೂಲೆಯ ಸರ್ವರಿನ ಮುಂದೆ ಕೂತು ಬರೆದೆ. ಕರೆಂಟು ಹೋಗಿ ಬಂದರೆ ಮೊದಲು ಡೇಟಾಬೇಸ್ ಎಬ್ಬಿಸಬೇಕು, ಆಮೇಲೆ ಉಳಿದದ್ದು. ಕಸ ಹೊಡೆಯುವಾಗ ತಾಯವ್ವ ಪ್ಲಗ್ ಕೀಳದಿರಲೆಂದು ಅದಕ್ಕೆ ಕೆಂಪು ಬಟ್ಟೆ ಕಟ್ಟಿದ್ದನ್ನೂ ಬರೆದೆ. ನಗಬೇಡ, ಸರ್ವರ್ ನಡೆಯುವುದು ಆ ಬಟ್ಟೆಯಿಂದಲೂ ಹೌದು.

ಕಷ್ಟ ಬಂದದ್ದು ಒಳಗಿನ ಪಟ್ಟಿಗಳ, ನಿನ್ನ ಭಾಷೆಯಲ್ಲಿ ಟೇಬಲ್‌ಗಳ, ವಿವರ ಬರೆಯುವಾಗ. ಹೆಂಗಸರದ್ದೊಂದು ಟೇಬಲ್, ಮನೆಗಳದ್ದೊಂದು. ಎರಡನ್ನೂ ನೀನು ಗಂಡನ ಹೆಸರಿನಿಂದ ಗಂಟು ಹಾಕಿದ್ದೀ. ಪಾಳಾ ಕಡೆಯ ಕೇರಿಯಲ್ಲಿ ಯಾವ ಹೆಂಗಸು ಗಂಡನ ಹೆಸರು ಬಾಯಿ ಬಿಟ್ಟು ಹೇಳುತ್ತಾಳಪ್ಪಾ? “ನಮ್ಮ ಮನ್ಯಾರು” ಎಂದರು. ನಮ್ಮ ಕಾರ್ಯಕರ್ತೆಯರು ಹೇಳಿದ್ದನ್ನು ಹೇಳಿದ ಹಾಗೆಯೇ ಟೈಪು ಮಾಡಿದರು. ಯಂತ್ರ ಇಡೀ ಕೇರಿಯನ್ನು ಒಂದೇ ಮನೆಗೆ ತುಂಬಿತು! ಮನೆಗೊಂದೇ ಅರ್ಜಿ, ಎಲ್ಲರ ಹೊಲವೂ ಒಂದೇ ಹಾಳೆಗೆ ಬಿತ್ತು. ಅದೇ ಕೇರಿಯ ಸೋಮಿಬಾಯಿ ಹೊಟ್ಟೆ ಹಿಡಿದು ನಕ್ಕಳು: “ಯಾರವ್ವಾ ಆ ಗಂಡಸು? ಇಷ್ಟೂ ಮಂದಿಗೆ ಅಕ್ಕಿ ಎಲ್ಲಿಂದ ತರ್ತಾನ?”

“ಒಡಪು ಹಾಕಿ ಹೆಸರು ಹೇಳಸ್ರಿ” ಎಂದು ನೀನೇ ಫೋನಿನಲ್ಲಿ ದಾರಿ ತೋರಿಸಿದೆ. ಗಂಡನ ಹೆಸರು ಸೇರಿಸಿ ಪ್ರಾಸ ಕಟ್ಟಿ ಹೇಳಿಸಿದೆವು. “ಹಿತ್ತಲ ಗಿಡದಾಗ ಹಲಸಿನ ಹಣ್ಣ, ಹೇಮಲಪ್ಪಗ ದುಡಿ ಅಂದ್ರ ಕೆಂಪ ಕಣ್ಣ” ಎಂದು ಹೇಮಲಪ್ಪನ ಹೆಂಡತಿ ಎಲ್ಲರನ್ನೂ ನಗಿಸಿದಳು. ಒಬ್ಬೊಬ್ಬರದಾಗಿ ಹೆಸರುಗಳು ಹೊರಬಂದವು. ಸೋಮಿಬಾಯಿಯ ಸರದಿ ಬಂದಾಗ ಅವಳು ಮಾತ್ರ ನಗಲಿಲ್ಲ. “ಬಿಟ್ಟು ಹೋದಾಂವಗ ಒಡಪು ಕಟ್ಟಲೇನ್ರಿ ಅಕ್ಕಾರ? ಹೊಲದಾಗಿನ ಬೇರು ಕಿತ್ತಾಕಿ ನಾನು, ಬಿತ್ತಾಕಿ ನಾನು.” ಕಾಲಂ ಖಾಲಿ ಬಿಟ್ಟರೆ ನಿನ್ನ ಯಂತ್ರ ಒಪ್ಪಲಿಲ್ಲ. ಅರ್ಜಿ ಕೊಡಲು ಶುಕ್ರವಾರವೇ ಕಡೆ.

ನೀನು ಕೆಟ್ಟವನಲ್ಲ, ನಾನು ಎತ್ತಿ ಆಡಿಸಿದ ಕೂಸು. ಆದರೆ ಕಚೇರಿಯ ಗುಮಾಸ್ತ ಕೇಳುವುದನ್ನೇ ನಮ್ಮ ಯಂತ್ರವೂ ಕೇಳುವುದಾದರೆ ನಾವು ಬೀದಿಗಿಳಿದು ಕೂಗಿದ್ದು ಯಾವ ಸುಖಕ್ಕೆ? ಪ್ರತಿ ಮನೆಗೂ ಅದರದೇ ನಂಬರು ಇರಲಿ, ಮನೆ ನಡೆಸುವವಳಿಗೆ ಅವಳದೇ ಹೆಸರು. ಗಂಡನ ಹೆಸರಿನ ಗಂಟು ತಪ್ಪು ಎಂದು ವಿವರಣೆಯಲ್ಲಿ ಚೊಕ್ಕವಾಗಿ ಬರೆದಿದ್ದೇನೆ. ನಾಲ್ಕು ಜನ ಓದುತ್ತಾರೆ, ಮರ್ಯಾದೆ ಹೋಗುತ್ತದೆ ಎನ್ನಬೇಡ. ತಪ್ಪು ಮುಚ್ಚಿಟ್ಟರೆ ಅದು ಎಲ್ಲರಿಗೂ ತೆರೆದದ್ದು ಹೇಗಾದೀತು?

ಎಲುಬು ಬೇಗ ಕೂಡಲಿ, ಹಟ ಸ್ವಲ್ಪ ಸಡಿಲಾಗಲಿ ಎಂದು ಹರಸುತ್ತೇನೆ. ನೀಲಾಳಿಗೆ ಮುತ್ತು, ನಿನ್ನ ಅತ್ತೆ-ಮಾವನವರಿಗೆ ಶರಣು.

ನಿನ್ನ ಜಗಳಗಂಟಿ ಅಕ್ಕ,
ವಿದ್ಯಾವತಿ

ತಾ.ಕ.: ಇದು ಒಪ್ಪಿಗೆ ಕೇಳುವ ಪತ್ರವಲ್ಲ. ಹಳೆಯದರ ನಕಲು ತೆಗೆದಿಟ್ಟು ಸುಮನ ನಿನ್ನೆಯೇ ಇಲ್ಲಿ ಬದಲಾಯಿಸಿದಳು. ಸೋಮಿಬಾಯಿಯ ಅರ್ಜಿ ಅವಳ ಹೆಸರಲ್ಲೇ ಅಚ್ಚಾಗಿ ಬಂತು. ಆದರೆ ಇಂಟರ್‌ನೆಟ್ಟಿನಲ್ಲಿಟ್ಟ ಪ್ರತಿಯ ಪಾಸ್‌ವರ್ಡ್ ನಿನ್ನೊಬ್ಬನ ಹತ್ತಿರವಿದೆ, ಜೋಯಿಡಾ ಸಂಘದವರು ನಾಳೆ ಅದನ್ನೇ ಇಳಿಸಿಕೊಳ್ಳುತ್ತಾರೆ. ಅಲ್ಲಿಯೂ ಗಂಡ ಬಿಟ್ಟು ಹೋದವರು ಹೊಲ ಬಿತ್ತಿದ್ದಾರೆ. ಈ ಪತ್ರ ತಂದ ಚನಬಸಪ್ಪನ ಕೈಯಲ್ಲಿ ಬದಲಾಯಿಸಿದ್ದರ ಸಿ.ಡಿ. ಇದೆ, ಬಾಗಿಲಲ್ಲಿ ಆಟೊ ನಿಂತಿದೆ, ಸೈಬರ್ ಕೆಫೆಗೆ ನಿನ್ನನ್ನು ಅವನೇ ಎತ್ತಿ ಒಯ್ಯುತ್ತಾನೆ. ಏರಿಸು. ಜಗಳ ಆಮೇಲೆ.