ಐದರಲ್ಲಿ ನಿಂತ ಪರೀಕ್ಷೆ

ಮಾರ್ಚ್ 4, ಬೆಳಿಗ್ಗೆ 7.40
ಪೇಸ್‌ಮೇಕರ್ ತಪಾಸಣಾ ಯಂತ್ರಕ್ಕೆ ಕಾಗದದ ಸುರುಳಿ ಹಾಕಿದೆ. ಕೇಬಲ್‌ಗಳನ್ನು ಒರೆಸಿದೆ. ಎಂಟೂವರೆಗೆ ಮೊದಲ ರೋಗಿ — ಅಕ್ಕ.

ಸಂಜೆ 6.15
ಅಕ್ಕನ ಬೆನ್ನುಹುರಿಯ ಬಳಿ ತಂತಿ ಕೂರಿಸಿದರು. ಅದಕ್ಕೆ ವಿದ್ಯುತ್ ಮಿಡಿತ ಕಳಿಸುವ ಪೆಟ್ಟಿಗೆ ಸದ್ಯಕ್ಕೆ ಸೊಂಟದ ಮೇಲೆ, ಹೊರಗೆ. ವಾರದ ಪ್ರಯೋಗ ಫಲಿಸಿದರೆ ಶಾಶ್ವತವಾಗಿ ಒಳಗೆ. ಅದರ ಮಿಡಿತ ಎಡಪಾದದ ನರದ ನೋವನ್ನು ಮರೆಸಬೇಕು. ಆದರೆ ಆ ಮಿಡಿತವನ್ನೇ ಹೃದಯದ ಬಡಿತವೆಂದೆಣಿಸಿ ಪೇಸ್‌ಮೇಕರ್ ಸುಮ್ಮನಾಗಬಾರದು. ಅಕ್ಕನ ಹೃದಯ ನಡೆಯುವುದೇ ಅದರಿಂದ. ಪೆಟ್ಟಿಗೆಯ ಮಿಡಿತವನ್ನು ಸೊನ್ನೆಯಿಂದ ಎಂಟರವರೆಗೆ ಏರಿಸುತ್ತ ಇಸಿಜಿ ಗೆರೆ ನೋಡುವುದು ನನ್ನ ಕೆಲಸ.
ಮಲಗಿದ್ದಳು. ಐದಕ್ಕೆ ಕೂಗಿದಳು: "ಸಾಕೋ, ಸಾಕು! ಕಾಲೊಳಗೆ ಜೇನುಗೂಡಿಗೇ ಕಲ್ಲು ಹೊಡೆದೆಯಲ್ಲೋ!"
ನಿಲ್ಲಿಸಿದೆ. ಗೆರೆ ಶುದ್ಧವಾಗಿತ್ತು. ವರದಿಯಲ್ಲಿ ಬರೆದೆ: ಎಂಟರವರೆಗೆ ತೊಂದರೆಯಿಲ್ಲ.
ಇಪ್ಪತ್ತೇಳು ವರ್ಷಗಳಲ್ಲಿ ಮೊದಲ... ಇರಲಿ.

ಮಾರ್ಚ್ 6
ಭಾವನ ಫೋನ್. "ನಿಮ್ಮಕ್ಕ ನಿನ್ನೆ ಹೊದ್ದುಕೊಂಡು ಮಲಗಿದ್ಲಪ್ಪ. ಆ ಪಾದಕ್ಕೆ ಬಟ್ಟೆ ಸೋಕಿ ನಾಲ್ಕು ವರ್ಷ ಆಗಿತ್ತು."
ಅಕ್ಕ ಫೋನ್ ಕಿತ್ತುಕೊಂಡಳು. "ಪಾತ್ರೆ ನಾನೇ ತೊಳೆದೆ ಕಣೋ. ನಿಮ್ಮ ಭಾವ ತೊಳೆದಿಟ್ಟಿದ್ದನ್ನೆಲ್ಲ ಇನ್ನೊಂದ್ಸಲ!"
ನಕ್ಕೆ. ಎಷ್ಟರಲ್ಲಿ ಇಟ್ಟಿದ್ದೀ ಎಂದು ಕೇಳಿದೆ.
"ಮಲಗಿದ್ರೆ ನಾಲ್ಕು. ನಿಂತ್ರೆ ಅದು ಗೊತ್ತೇ ಆಗಲ್ಲ, ಏಳು ಬೇಕು."
ನಿಂತಾಗ ಬೆನ್ನುಹುರಿ ತಂತಿಯಿಂದ ದೂರ ಸರಿಯುತ್ತದೆ. ತಿಳಿದದ್ದೇ. ಐದು ದಾಟಬೇಡ ಎನ್ನಬೇಕಿತ್ತು. ಯಾಕೆ ಎಂದು ಕೇಳುತ್ತಾಳೆ...
ಊಟ ಆಯ್ತಾ ಎಂದು ಕೇಳಿ ಫೋನ್ ಇಟ್ಟೆ.

ಮಾರ್ಚ್ 9, ಮಧ್ಯಾಹ್ನ
ನಿನ್ನೆ ಅಕ್ಕ ಸಿಂಕಿನ ಮುಂದೆ ಕುಸಿದಳು. ಹಣೆಗೆ ಮೂರು ಹೊಲಿಗೆ. ಇಂದು ವಾರ್ಡಿನಲ್ಲಿ ಪೇಸ್‌ಮೇಕರ್‌ನ ದಾಖಲೆ ತೆಗೆದೆ. ನಾಲ್ಕು ಸೆಕೆಂಡು ಪೆಟ್ಟಿಗೆಯ ಮಿಡಿತವನ್ನೇ ಎಣಿಸುತ್ತ ಸುಮ್ಮನಿತ್ತು. ಬಿದ್ದ ರಭಸಕ್ಕೆ ಪೆಟ್ಟಿಗೆಯ ಕೇಬಲ್ ಕಳಚಿತು — ಅದೇ ಉಳಿಸಿತು.
"ಕಾಲು ಜಾರಿತು ಅಂದಿದೀನಿ ಡಾಕ್ಟರಿಗೆ," ಎಂದಳು. "ನೀನೂ ಅಷ್ಟೇ ಅನ್ನು."
"ಅಕ್ಕ, ಅವತ್ತು ನಾನು ಐದಕ್ಕೇ ನಿಲ್ಲಿಸಿದ್ದೆ."
"ಸಾಕು ಅಂದಿದ್ದು ನಾನೇ ತಾನೆ? ತಂತಿ ಕಿತ್ರೆ ಮತ್ತೆ ಅದೇ ಬೆಂಕಿ ಕಣೋ. ನಿನ್ನ ಕೆಲಸಕ್ಕೂ ಕುತ್ತು. ನಾಳಿದ್ದು ಒಳಗೆ ಹಾಕಿಬಿಡ್ಲಿ. ಏಳು ಮುಟ್ಟಲ್ಲ, ನಿನ್ನಾಣೆ."
ಪೆಟ್ಟಿಗೆಯನ್ನು ಬಂದ್ ಮಾಡಿದ್ದಾರೆ. ಪಾದದ ಮೇಲಿನ ಹೊದಿಕೆಯನ್ನು ಆಗಲೇ ಸರಿಸಿಕೊಂಡಿದ್ದಳು.
ಆಣೆ! ಚಿಕ್ಕಂದಿನಲ್ಲೂ ನನ್ನ ಮೇಲೆಯೇ ಆಣೆಯಿಟ್ಟು ಮುರಿಯುತ್ತಿದ್ದಳು.

ಮಾರ್ಚ್ 10, ಬೆಳಿಗ್ಗೆ 8.05
ಅಳವಡಿಕೆ ನಾಳೆ. ಒಳಗೆ ಹೋದ ಪೆಟ್ಟಿಗೆಗೆ ಕಳಚಿಕೊಳ್ಳುವ ಕೇಬಲ್ ಇರುವುದಿಲ್ಲ.
ತಿದ್ದುಪಡಿಯ ನಮೂನೆ ತೆಗೆದುಕೊಂಡೆ. ಬರೆದೆ: ಪರೀಕ್ಷೆ ಐದರಲ್ಲೇ ನಿಂತಿತು, ಎಂಟು ಎಂದದ್ದು ಸುಳ್ಳು.
ಅಕ್ಕ ಎರಡು ಸಲ ಫೋನ್ ಮಾಡಿದಳು. ಎತ್ತಲಿಲ್ಲ. ಡಾಕ್ಟರು ಬರುವುದು ಎಂಟೂವರೆಗೆ.
ಕೊನೆಯ ಅಂಕಣ — ನಿಲ್ಲಿಸಿದ ಕಾರಣ.
ರೋಗಿಗೆ ನೋವಾಗುತ್ತಿತ್ತು ಎಂದು ಬರೆದೆ. ಹೊಡೆದುಹಾಕಿದೆ. ಎಲ್ಲರಿಗೂ ನೋವಾಗುತ್ತದೆ, ಯಾರಿಗೂ ನಿಲ್ಲಿಸಿದವನಲ್ಲ.
ಮೊದಲು ಇಲ್ಲಿ ಬರೆದು ನೋಡುತ್ತೇನೆ.
ಕಾರಣ: ರೋಗಿ ನನ್ನ...