ನಾಲ್ಕನೆಯ ನಿಯಮ ಹೊಡೆದುಹಾಕಿ

ಬೇಗೆತಿಂಗಳ ಹತ್ತನೆಯ ದಿನ, ೨೧೬೩
ಮಲಾವಿ ಸರೋವರದ ದಡದ ಒಂದು ಹಳ್ಳಿಯಿಂದ

‘ಬೆಂಚು ಬಳಗ’ ಕಟ್ಟಿದ ಮೈಸೂರಿನ ಹನ್ನೊಂದು ಮಂದಿ ಹಿರಿಯರಿಗೆ,

ನಿಮ್ಮ ಕ್ಯಾಲೆಂಡರಿನಲ್ಲಿ ಬೇಗೆತಿಂಗಳನ್ನು ಹುಡುಕಬೇಡಿ, ಸಿಗುವುದಿಲ್ಲ. ಅಕ್ಟೋಬರ್ ಮುಗಿದು ನವೆಂಬರ್ ಶುರುವಾಗುವ ಮುನ್ನ ಇಲ್ಲಿಯವರು ಸೇರಿಸಿಕೊಂಡಿರುವ ಹದಿಮೂರನೆಯ ತಿಂಗಳು ಅದು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನೀವು ಬಳಗ ಕಟ್ಟಿದ ಮೇಲಿನ ನೂರಮೂವತ್ತು ವರ್ಷಗಳಲ್ಲಿ ಕನ್ನಡ ಬಹಳ ಬದಲಾಗಿದೆ. ಅದೂ ಅಲ್ಲದೆ ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು. ಕನ್ನಡ ಬರೆಯಲು ಕಲಿತದ್ದು ಮದುವೆ ಗೊತ್ತಾದ ಮೇಲೆ, ನನ್ನ ಉಡುಪಿಯ ಹುಡುಗ ಮೃಗಾಂಕನಿಗೆ ಪತ್ರ ಬರೆಯುವುದಕ್ಕೆ. ಹಾಗಾಗಿ ನನ್ನ ಬಳಿ ಪ್ರೀತಿಯ ಮಾತುಗಳು ರಾಶಿ ರಾಶಿ ಇವೆ. ದುಃಖದ ಮಾತುಗಳನ್ನು ಈಗ ಕಲಿಯುತ್ತಿದ್ದೇನೆ.

ನನ್ನ ಹೆಸರು ಇಳಾ. ಮದುವೆಯಾಗಿ ಎಪ್ಪತ್ತು ದಿನ! ಬೇರೆ ಜೋಡಿಗಳು ಹಿಮ ನೋಡಲು ಹೋದರೆ ನಾವು ನಿಮ್ಮ ಬಳಗದ ಸ್ವಯಂಸೇವಕರಾಗಿ ಇಲ್ಲಿಗೆ ಬಂದೆವು. ನೀವು ಮೊದಲು ಕಳಿಸಿದ ಹತ್ತು ಬೆಂಚುಗಳಲ್ಲಿ ಒಂದು ಇನ್ನೂ ಶಾಲೆಯ ಜಗಲಿಯಲ್ಲಿದೆ. ಅದನ್ನು ಕಂಡ ದಿನ ನಾನು ಅದರ ಮೇಲೆ ಕುಳಿತು ನಕ್ಕೆ, ಅತ್ತೆ, ಮೃಗಾಂಕನ ಕೈ ಹಿಡಿದು ಮತ್ತೆ ನಕ್ಕೆ. ಅದರ ಬಿರುಕಿನಲ್ಲಿ ಚೀಟಿ ತುರುಕಿದರೆ ಬೆಂಚು ಮಾಡಿಸಿದವರಿಗೇ, ಅವರ ಕಾಲಕ್ಕೇ ಹೋಗಿ ಮುಟ್ಟುತ್ತದೆಂದು ಮಕ್ಕಳು ನಂಬುತ್ತಾರೆ.

ನಾವು ಬಂದಾಗ ಇಲ್ಲಿ ನಲವತ್ತೊಂದು ಹೆಣ್ಣುಮಕ್ಕಳು ಸರೋವರದ ದಡದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದರು. ಅವರೊಡನೆ ಮಾತಾಡಲು ‘ಕಿವಿನುಡಿ’ ಇದೆ: ಕಿವಿಯಲ್ಲಿಟ್ಟುಕೊಂಡರೆ ಅವರ ಮಾತು ನಮಗೆ ಕನ್ನಡದಲ್ಲಿ, ನಮ್ಮ ಮಾತು ಅವರಿಗೆ ಅವರ ನುಡಿಯಲ್ಲಿ ಕೇಳುತ್ತದೆ. ನನಗೆ ಸಿಕ್ಕಿದ್ದು ಧಾರವಾಡದವರೊಬ್ಬರು ಬಳಸಿ ಬಿಟ್ಟದ್ದು. ಹಾಗಾಗಿ ಮಲಾವಿಯ ಮಕ್ಕಳೆಲ್ಲ ನನಗೆ “ಅಕ್ಕಾರ, ಊಟಾ ಆತೇನ್ರಿ?” ಎಂದೇ ಕೇಳುತ್ತಾರೆ. ಮೊದಲ ವಾರವೆಲ್ಲ ಬಿದ್ದು ಬಿದ್ದು ನಕ್ಕಿದ್ದೆ. ಬಿಸಿಲಿನ ಝಳಕ್ಕೆ ಹಗಲು ಹನ್ನೊಂದರಿಂದ ನಾಲ್ಕರವರೆಗೆ ಹೊರಗೆ ಕಾಲಿಡುವಂತಿಲ್ಲ. ಅದನ್ನು ಮಲಗುಹೊತ್ತು ಎನ್ನುತ್ತಾರೆ. ಮಕ್ಕಳು ಒದ್ದೆ ಬಟ್ಟೆ ಹೊದ್ದು ನೆಲದ ಮೇಲೆ ಸಾಲಾಗಿ ಮಲಗುತ್ತಾರೆ.

ನನ್ನ ಕೆಲಸ ಪ್ರತಿಗಾರ್ತಿಯದು. ಪ್ರತಿ ಮಗುವೂ ತನ್ನ ಓದಿನ ಹೊಣೆ ಹೊತ್ತ ಮೈಸೂರಿನ ಮನೆಗೆ ಎರಡು ತಿಂಗಳಿಗೊಂದು ಪತ್ರ ಬರೆಯುತ್ತದೆ. ಮಗು ಓದಿ ಹೇಳಿದ್ದನ್ನು ನಾನು ಕನ್ನಡದಲ್ಲಿ, ಕೈಯಲ್ಲೇ ಬರೆದು ಕಳಿಸಬೇಕು. ಯಂತ್ರದ ಅಕ್ಷರ ಕೂಡದು ಎಂಬುದು ನಿಮ್ಮ ಮೂರನೆಯ ನಿಯಮ. ನಾಲ್ಕನೆಯದು ನಿಮಗೆ ನೆನಪಿದೆಯೇ? “ಪತ್ರದಲ್ಲಿ ದುಃಖದ ಸಂಗತಿ ಇರಬಾರದು, ಓದುವವರ ಮನಸ್ಸು ಅರಳಬೇಕು.”

ಅರಳಿಸಿದೆ. ಹನ್ನೆರಡು ವರ್ಷದ ತದಾಲ ಬರೆದಿದ್ದಳು: “ಸರೋವರದ ಕಡೆಯ ಗೋಡೆಯಲ್ಲಿ ಸದ್ದು ಬರುತ್ತದೆ. ಮಲಗಿದಾಗ ಕಣ್ಣಿಗೆ ಮರಳು ಉದುರುತ್ತದೆ. ತಂಗಿ ಮರ್ಸಿಗೆ ಹೆದರಿಕೆ.” ನಾನು ಬರೆದೆ: “ನಮ್ಮ ಹಾಸ್ಟೆಲ್ ಸರೋವರದ ಪಕ್ಕದಲ್ಲೇ ಇದೆ. ಮಲಗಿದಾಗ ಅಲೆಗಳ ಸದ್ದು ಕೇಳುತ್ತದೆ. ತಂಗಿಯನ್ನು ತಬ್ಬಿಕೊಂಡು ಮಲಗುತ್ತೇನೆ.” ಮೃಗಾಂಕ ಹೆಗಲ ಮೇಲಿಂದ ಇಣುಕಿ, “ಆ ಹುಡುಗಿ ಬರೆದದ್ದಕ್ಕಿಂತ ನಿನ್ನದೇ ಚಂದ ಉಂಟು ಮಾರಾಯ್ತಿ!” ಎಂದು ಕೆನ್ನೆ ಹಿಂಡಿದ. ನಾನು ಹಿಗ್ಗಿಹೋದೆ. ನನಗಾಗ ಇಡೀ ಜಗತ್ತೇ ಅಲೆಗಳ ಸದ್ದಿನಂತಿತ್ತು.

ಇಪ್ಪತ್ತಾರು ದಿನಗಳ ಹಿಂದೆ, ಮಲಗುಹೊತ್ತಿನಲ್ಲಿ, ಆ ಗೋಡೆ ಒಳಕ್ಕೆ ಬಿತ್ತು. ನಾವು ಶಾಲೆಯ ಕೋಣೆಯಲ್ಲಿದ್ದೆವು. ಧೂಳು ಇಳಿಯುವ ಮೊದಲೇ ಮೃಗಾಂಕ ಕೈಯಿಂದ ಇಟ್ಟಿಗೆ ಎತ್ತತೊಡಗಿದ್ದ. ಮೂವರು ಮಕ್ಕಳು ಉಳಿಯಲಿಲ್ಲ. ಒಬ್ಬಳು ಮರ್ಸಿ. ಅವಳಿಗೆ ಏಳು ವರ್ಷ.

ಮರುದಿನ ತದಾಲಳಿಗೆ ಮೈಸೂರಿನಿಂದ ಉತ್ತರ ಬಂತು. ಬರೆದವರು ಅವಳ ಓದಿನ ಹೊಣೆ ಹೊತ್ತ ಚೆಲುವಾಂಬಿಕೆ ಮೇಡಂ. ಜೀವನವಿಡೀ ಅಣೆಕಟ್ಟುಗಳ ಗೋಡೆ ಪರೀಕ್ಷಿಸಿದ ಎಂಜಿನಿಯರ್ ಅವರು. ‘ಮರಳು’ ಎಂಬ ಒಂದು ಮಾತು ಓದಿದ್ದರೆ ಅಂದೇ ಮಕ್ಕಳನ್ನು ಹೊರಗೆ ಕಳಿಸಿ ಎನ್ನುತ್ತಿದ್ದರು. ಅವರು ಬರೆದಿದ್ದರು: “ಅಲೆಗಳ ಸದ್ದು ಕೇಳುತ್ತಾ ಮಲಗುವ ಪುಣ್ಯವಂತೆ ನೀನು.” ಬುದ್ಧಿಯಿಲ್ಲದ ನಾನು, ಮಗುವಿಗೆ ಸಮಾಧಾನವಾದೀತೆಂದು ಅದನ್ನು ಓದಿ ಹೇಳಿದೆ.

ಅವಳು ಅಳಲಿಲ್ಲ. “ಅಕ್ಕಾರ, ನಾ ಮರಳು ಅಂತ ಬರದಿದ್ದೆ. ನೀವು ಅಲೆ ಅಂತ ಯಾಕ ಬರದ್ರಿ?”

ನನ್ನನ್ನು ಅಷ್ಟು ನಗಿಸಿದ್ದ ಅದೇ ದನಿ.

ನಿನ್ನೆ ತದಾಲ ಮತ್ತೊಂದು ಪತ್ರ ಬರೆದುಕೊಟ್ಟಳು. ಗೋಡೆಯ ಸದ್ದು, ಮರಳು, ಮರ್ಸಿ, ಎಲ್ಲವೂ ಇದೆ. ಇದನ್ನು ಹೇಗೆ ಕಳಿಸಲೆಂದು ಕೇಳಿದ್ದಕ್ಕೆ ಬಳಗದ ಈಗಿನ ಕಾರ್ಯದರ್ಶಿ ವೃಷಭಣ್ಣ ಮೈಸೂರಿನಿಂದ ಮಾತಾಡಿದರು: “ನೋಡಮ್ಮ, ನಿಯಮ ನಾನು ಮಾಡಿದ್ದಲ್ಲ. ಹೊಸ ಹಾಸ್ಟೆಲ್ ಕಟ್ತಿದಾರೆ ಅಂತ ಖುಷಿಯಾಗಿ ಬರೆದುಬಿಡು. ಸುಮ್ನೆ ಅವರನ್ನೆಲ್ಲ ಯಾಕೆ ಅಳಿಸ್ತೀಯ?” ಹೊಸ ಹಾಸ್ಟೆಲಿನ ಪಾಯದ ಗೆರೆಯನ್ನೂ ಅದೇ ದಡದಲ್ಲಿ ಎಳೆದಿದ್ದಾರೆ, ಹಿರಿಯರೇ.

ತದಾಲಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳು ಬರೆದಂತೆಯೇ, ಒಂದು ಮಾತನ್ನೂ ಬಿಡದೆ ಪ್ರತಿ ಮಾಡಿದೆ. ಮೃಗಾಂಕ ಲಕೋಟೆಗೆ ಅಂಟು ಹಚ್ಚಿದ. ಇಂದು ಬೆಳಿಗ್ಗೆ ಅದು ಹೋಯಿತು. ಬಹುಶಃ ನಮ್ಮನ್ನು ವಾಪಸು ಕರೆಸಿಕೊಳ್ಳುತ್ತಾರೆ.

ಇನ್ನು ನನ್ನ ಬೇಡಿಕೆ. ನೀವು ಒಳ್ಳೆಯವರು, ಒಳ್ಳೆಯದಕ್ಕೇ ಬರೆದಿರಿ, ಬಲ್ಲೆ. ಆದರೂ ನಾಲ್ಕನೆಯ ನಿಯಮವನ್ನು ಹೊಡೆದುಹಾಕಿ. ಈ ಕಾಗದವನ್ನು ನಿಮ್ಮ ಬೆಂಚಿನ ಬಿರುಕಿನಲ್ಲಿ ತುರುಕುತ್ತಿದ್ದೇನೆ. ನಾಳೆ ಎದ್ದ ಕೂಡಲೇ ನಿಯಮಗಳ ಪುಸ್ತಕ ತೆರೆಯುತ್ತೇನೆ. ಆ ಸಾಲು ಅಲ್ಲಿಲ್ಲದಿದ್ದರೆ ಊಟದ ಮನೆಗೆ ಓಡಿಹೋಗಿ ತಟ್ಟೆಗಳನ್ನು ಎಣಿಸುತ್ತೇನೆ. ನಲವತ್ತೊಂದು ಇರಬೇಕು. ಇವತ್ತು ಮೂವತ್ತೆಂಟು ಇದ್ದವು.

ಇಳಾ